ರಘು ನೋಡಿದ ಮೋರಿಸ್ ಮೈನರ್ ಬಗ್ಗೆ, ಅಡ್ವಾನ್ಸ್ ಕೊಡುವ ಮೊದಲು

ರಘು, ನೀನು ಹಾಕಿದ ಫೋಟೋಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಹಾಕಿ ಮುಗಿಸಿದ್ದಾರೆ, ನಾನು ಸ್ವಲ್ಪ ಉದ್ದಕ್ಕೆ ಮಾತಾಡುತ್ತೇನೆ. ಬೇಜಾರಾದವರು ಮುಂದಿನ ಮೆಸೇಜಿಗೆ ಹೋಗಬಹುದು.

ಕಾರು ಮಾರುತ್ತಿರುವ ಚಿಕ್ಕಮಗಳೂರಿನ ಆ ಮನುಷ್ಯ ನಿನಗೆ ಹೇಳಿದ್ದು ಇಷ್ಟು ಅಲ್ವಾ? 1949ರ ಮೋರಿಸ್ ಮೈನರ್, ಇಂಗ್ಲೆಂಡಿನಿಂದ ನೇರ ಬಂದದ್ದು, ತೋಟದ ಮನೆಯಲ್ಲೇ ಇದ್ದದ್ದು, ಸೈಡ್ ವಾಲ್ವ್ ಇಂಜಿನ್ (ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ ಹಳೆಯ ನಮೂನೆ) ಸಮೇತ ಎಲ್ಲಾ ಒರಿಜಿನಲ್. ನೀನು ಕೇಳಿದ್ದು, ನಂಬಬಹುದಾ ಅಂತ. ಕಾರು ಚೆನ್ನಾಗಿಯೇ ಕಾಣುತ್ತದೆ. ಆದರೆ 1949 ಅನ್ನುವುದು ಆಗದ ಮಾತು. ಅದಕ್ಕೆ ಚಿಕ್ಕಮಗಳೂರಿನವರೆಗೆ ಹೋಗಬೇಕಾಗಿಲ್ಲ, ನಿನ್ನ ಮೊದಲ ಫೋಟೋ ಸಾಕು. ಆ ಕಾರಿಗೆ ನಾಲ್ಕು ಬಾಗಿಲಿವೆ.

ಮೈನರ್ ಹೊರಬಂದದ್ದು 1948ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರ್ ಶೋನಲ್ಲಿ. ಆಗ ಇದ್ದದ್ದು ಎರಡು ಬಾಗಿಲಿನ ಸಲೂನ್ ಮತ್ತು ಮೇಲ್ಛಾವಣಿ ಮಡಚುವ ಟೂರರ್, ಅಷ್ಟೇ. ನಾಲ್ಕು ಬಾಗಿಲಿನದ್ದು ಬಂದದ್ದು 1950ರ ಕೊನೆಯ ಹೊತ್ತಿಗೆ. ಮೊದಲ ಮೈನರ್‌ಗಳ ಹೆಡ್‌ಲೈಟ್ ಕೆಳಗೆ, ಗ್ರಿಲ್ ಒಳಗೇ ಇರುತ್ತಿತ್ತು. ಅದಕ್ಕೇ ಅವನ್ನು ಲೋಲೈಟ್ ಅನ್ನುತ್ತಾರೆ, ಸಂಗ್ರಹಕಾರರು ಬಾಯಿ ಬಿಡುವುದೂ ಅದಕ್ಕೇ. ಅಮೆರಿಕದ ನಿಯಮದ ಪ್ರಕಾರ ದೀಪ ಇನ್ನೂ ಎತ್ತರದಲ್ಲಿ ಇರಬೇಕಿತ್ತು. ಹಾಗಾಗಿ ಅದನ್ನು ಮಡ್‌ಗಾರ್ಡ್ ಮೇಲಕ್ಕೆ ಏರಿಸಿದರು, ನಾಲ್ಕು ಬಾಗಿಲಿನ ಕಾರು ಶುರುವಿನಿಂದಲೇ ಹಾಗೆ ಬಂತು.

ನಿಜವಾದ ಲೋಲೈಟ್ ಎಂದಾದರೂ ಕಣ್ಣಿಗೆ ಬಿದ್ದರೆ ಬಂಪರ್ ನೋಡು. ಈ ಕಾರಿನ ವಿನ್ಯಾಸ ಮಾಡಿದವರು ಅಲೆಕ್ ಇಸಿಗೋನಿಸ್, ಮುಂದೆ ಮಿನಿ ಕಾರನ್ನು ಮಾಡಿದವರೂ ಅವರೇ. ತಯಾರಿಕೆ ಶುರುವಾಗುವ ಹೊತ್ತಿಗೆ ಕಾರು ಸಪೂರವಾಯಿತು ಅನಿಸಿ, ಮಾದರಿಯನ್ನು ಉದ್ದಕ್ಕೆ ಸೀಳಿಸಿ ನಾಲ್ಕು ಇಂಚು ಅಗಲ ಮಾಡಿಸಿದರು. ಅಷ್ಟರಲ್ಲಿ ಬಂಪರ್‌ಗಳು ತಯಾರಾಗಿಬಿಟ್ಟಿದ್ದವು. ಎಸೆಯಲು ಮನಸ್ಸು ಬರಲಿಲ್ಲ, ನಡುವೆ ಕತ್ತರಿಸಿ ನಾಲ್ಕು ಇಂಚಿನ ತೇಪೆ ಹಾಕಿದರು. ಬಾನೆಟ್ ಮಧ್ಯದಲ್ಲಿರುವ ಚಪ್ಪಟೆ ಪಟ್ಟಿ ಬಂದದ್ದೂ ಹಾಗೆಯೇ. ಆರಂಭದ ಕಾರುಗಳಲ್ಲಿ ಆ ತೇಪೆಯ ಬಂಪರ್ ಇರುತ್ತದೆ, ನಿನ್ನ ಫೋಟೋದಲ್ಲಿ ಅದು ಇಲ್ಲ.

ಈಗ ನಿನ್ನ ಕಾರಿಗೆ ಬರೋಣ. ಮುಂದಿನ ಗಾಜು ಎರಡು ತುಂಡು, ನಡುವೆ ಕಡ್ಡಿ. ಒಂದೇ ಗಾಜು ಬಂದದ್ದು 1956ರ ಕೊನೆಯಲ್ಲಿ, ಮೈನರ್ 1000 ಜೊತೆ. ಅಂದರೆ ಇದು ಅದಕ್ಕಿಂತ ಹಿಂದಿನದು. ಗ್ರಿಲ್ ಹಳೆಯ ಚೌಕುಳಿ ಜಾಲರಿ, 1954ಕ್ಕಿಂತ ಮುಂಚಿನ ನಮೂನೆ. ಇಲ್ಲಿಯವರೆಗೆ ಸರಿ. ಆದರೆ ಐದನೇ ಫೋಟೋದಲ್ಲಿ ಡ್ಯಾಶ್‌ಬೋರ್ಡ್ ನೋಡು. ದೊಡ್ಡ ಸ್ಪೀಡೋಮೀಟರ್ ನಟ್ಟನಡುವೆ ಇದೆ, ಎರಡೂ ಕಡೆ ಸಾಮಾನು ಇಡುವ ಗೂಡು. ಇದು 1954ರ ಅಕ್ಟೋಬರ್ ಬದಲಾವಣೆಯದ್ದು. ಅದೇ ಬದಲಾವಣೆಯಲ್ಲಿ ಗ್ರಿಲ್ ಕೂಡ ಅಡ್ಡ ಪಟ್ಟಿಗಳದ್ದಾಯಿತು. ಹಾಗಾದರೆ ಈ ಕಾರಿನ ಮೂತಿ ಒಂದು ವರ್ಷ ಹೇಳುತ್ತದೆ, ಒಳಗಿನ ಭಾಗ ಇನ್ನೊಂದು ವರ್ಷ ಹೇಳುತ್ತದೆ. ನಾನು ಒಳಗಿನದ್ದನ್ನೇ ನಂಬುತ್ತೇನೆ. ಗ್ರಿಲ್ ಬೋಲ್ಟ್ ಬಿಚ್ಚಿದರೆ ಬರುತ್ತದೆ. ಡ್ಯಾಶ್ ಇರುವ ತಗಡು ಬಾಡಿಯ ಜೊತೆಗೇ ಬೆಸೆದಿರುತ್ತದೆ, ಅದನ್ನು ಯಾರೂ ಸುಮ್ನೆ ಬದಲಿಸಲು ಹೋಗುವುದಿಲ್ಲ. ಇದು 1954ರ ಕೊನೆಯಿಂದ 1956ರ ಒಳಗಿನ ಸೀರೀಸ್ ಟು, ಅಂದರೆ ಮೈನರ್ ಕಾರಿನ ಎರಡನೇ ಆವೃತ್ತಿ, ಅಂತ ನನ್ನ ಅಂದಾಜು.

ಹಾಗಿದ್ದರೆ ಸೈಡ್ ವಾಲ್ವ್ ಇಂಜಿನ್ ಮಾತೂ ಬಿತ್ತು. 918 ಸಿಸಿ ಸೈಡ್ ವಾಲ್ವ್ ಇದ್ದದ್ದು ಮೊದಲ ಆವೃತ್ತಿಗೆ, ಅಂದರೆ 1953ರವರೆಗಿನ ಎಂಎಂ ಸೀರೀಸ್‌ಗೆ. 1952ರಲ್ಲಿ ಮೋರಿಸ್‌ನ ನಫೀಲ್ಡ್ ಕಂಪನಿಯೂ ಆಸ್ಟಿನ್ನೂ ಒಂದಾಗಿ ಬಿಎಂಸಿ ಆಯಿತು. ಆಮೇಲೆ ಮೈನರ್‌ಗೆ ಆಸ್ಟಿನ್ ಎ30ಯ 803 ಸಿಸಿ ಇಂಜಿನ್ ಕೂರಿಸಿದರು, ಅದಕ್ಕೆ ಎ ಸೀರೀಸ್ ಅನ್ನುತ್ತಾರೆ. ಗುರುತಿಸುವುದು ಬಹಳ ಸುಲಭ. ಬಾನೆಟ್ ಎತ್ತಿಸಿ ವಿಡಿಯೋ ಕಾಲ್ ಮಾಡು. ಸ್ಪಾರ್ಕ್ ಪ್ಲಗ್ ಚಪ್ಪಟೆ ತಲೆಯ ಮೇಲೆ ನೆಟ್ಟಗೆ ನಿಂತಿದ್ದರೆ ಸೈಡ್ ವಾಲ್ವ್. ಮೇಲೆ ತಗಡಿನ ರಾಕರ್ ಕವರ್ ಇದ್ದು ಪ್ಲಗ್ ಪಕ್ಕದಲ್ಲಿದ್ದರೆ ಎ ಸೀರೀಸ್. ಎ ಸೀರೀಸ್ ಆದರೆ ಬ್ಲಾಕಿನ ಬಲಮಗ್ಗುಲಲ್ಲಿ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಮೇಲ್ಗಡೆ ನಂಬರು ಹುಡುಕು. 803 ಆದರೆ ಎಪಿಎಚ್‌ಎಂ ಎಂದು ಶುರುವಾಗಬೇಕು.

ಅಲ್ಲಿ ಸೈಡ್ ವಾಲ್ವೇ ಕೂತಿದ್ದರೆ ಯಾರೋ ಬೇರೆ ಕಾರಿನಿಂದ ತಂದು ಹಾಕಿದ್ದಾರೆ. ಅದರ ಬೋಲ್ಟ್ ಬಗ್ಗೆ ಒಂದು ತಮಾಷೆ ಇದೆ. ಮೋರಿಸ್ ಇಂಜಿನ್ ಮಾಡುತ್ತಿದ್ದ ಕೊವೆಂಟ್ರಿಯ ಕಾರ್ಖಾನೆ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯದ್ದು, 1923ರಲ್ಲಿ ಮೋರಿಸ್ ಕೊಂಡದ್ದು. ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು, ಆದ್ದರಿಂದ ಬೋಲ್ಟಿನ ಥ್ರೆಡ್ ಮೆಟ್ರಿಕ್. ಆದರೆ ಬ್ರಿಟಿಷ್ ಮೆಕ್ಯಾನಿಕ್ ಕೈಯಲ್ಲಿ ಇರುವುದು ವಿಟ್ವರ್ತ್ ಎಂಬ ಬ್ರಿಟಿಷ್ ಇಂಚಿನ ಅಳತೆಯ ಸ್ಪ್ಯಾನರ್, ಅದಕ್ಕೆ ತಲೆ ಮಾತ್ರ ವಿಟ್ವರ್ತ್. ನಮ್ಮ ಗ್ಯಾರೇಜಿನವರು ಇದು ಗೊತ್ತಿಲ್ಲದೆ ಎಷ್ಟು ಬ್ಲಾಕಿನ ಥ್ರೆಡ್ ಕೆಡಿಸಿದ್ದಾರೋ ದೇವರಿಗೇ ಗೊತ್ತು.

ಇನ್ನು ದೊಡ್ಡಪ್ಪ ಬರೆದದ್ದಕ್ಕೆ ಉತ್ತರ: "ಆ ಕಾಲದಲ್ಲಿ ಬಂದದ್ದೆಲ್ಲ ಫಾರಿನ್ ಕಾರೇ." ಪೂರ್ತಿ ಹಾಗಲ್ಲ ದೊಡ್ಡಪ್ಪ. ಜನರಲ್ ಮೋಟಾರ್ಸ್ 1928ರಲ್ಲೇ ಬೊಂಬಾಯಿಯ ಸೇವ್ರಿಯಲ್ಲಿ ಪೆಟ್ಟಿಗೆಯಲ್ಲಿ ಬಂದ ಭಾಗ ಜೋಡಿಸಿ ಕಾರು ಮಾಡುತ್ತಿತ್ತು. ಆಸ್ಟಿನ್ ಎ40 ಮದ್ರಾಸಿನ ಹತ್ತಿರದ ಎನ್ನೂರಿನ ಅಶೋಕ್ ಮೋಟಾರ್ಸ್‌ನಲ್ಲಿ ಜೋಡಣೆ ಆಗುತ್ತಿತ್ತು, ಅದೇ ಮುಂದೆ ಅಶೋಕ್ ಲೇಲ್ಯಾಂಡ್. ಮೈನರ್‌ನ್ನೇ ಕಲ್ಕತ್ತಾ ಹತ್ತಿರದ ಉತ್ತರಪಾರದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಬೇಬಿ ಹಿಂದೂಸ್ತಾನ್ ಎಂದು ಮಾಡಿತು. ಆ ಬ್ಯಾಡ್ಜ್ ಕಿತ್ತು ಮೋರಿಸ್ ಬ್ಯಾಡ್ಜ್ ಅಂಟಿಸಿದರೆ ಇಂಗ್ಲೆಂಡ್ ಕಾರು ಅಂತ ಮಾರಬಹುದು. ಬಾನೆಟ್ ಒಳಮೈಯಲ್ಲಿ ಕೈಯಾಡಿಸು ರಘು, ಮುಚ್ಚಿದ ಹಳೆಯ ತೂತು ಸಿಕ್ಕರೆ ಅನುಮಾನಪಡು. ನನ್ನ ಕೇಳಿದರೆ ಬೇಬಿ ಹಿಂದೂಸ್ತಾನ್ ಏನೂ ಕಡಿಮೆಯಲ್ಲ. ನಮ್ಮ ದೇಶದ ಚರಿತ್ರೆ ಅದರಲ್ಲಿ ಜಾಸ್ತಿ ಇದೆ. ಅದನ್ನು ಅದರ ಹೆಸರಿನಲ್ಲೇ ಮಾರಬೇಕು, ಅಷ್ಟೇ.

ಪೂರ್ತಿ ಕಾರಾಗಿ ಬಂತೋ ಪೆಟ್ಟಿಗೆಯಲ್ಲಿ ಬಂತೋ ಎಂದು ತಿಳಿಯಲು ಇಂಜಿನ್ ಹಿಂದಿನ ಗೋಡೆಯ ಮೇಲಿರುವ ತಗಡಿನ ಪ್ಲೇಟ್ ಬೇಕು. ನೀನು ತೆಗೆದ ಫೋಟೋದಲ್ಲಿ ಅದು ಮಸುಕು. 1952ರ ನಂತರದ ನಂಬರಿನಲ್ಲಿ ಮೂರು ಅಕ್ಷರ, ಎರಡು ಅಂಕಿ, ಆಮೇಲೆ ಉದ್ದ ಸಂಖ್ಯೆ ಇರುತ್ತದೆ. ಮೊದಲ ಅಕ್ಷರ ಎಫ್, ಅಂದರೆ ಮೈನರ್. ಎರಡನೆಯದು ಎ ಆದರೆ ನಾಲ್ಕು ಬಾಗಿಲು, ಬಿ ಆದರೆ ಎರಡು, ಸಿ ಆದರೆ ಟೂರರ್. ಮೂರನೆಯದು ಬಣ್ಣ, ಎ ಅಂದರೆ ಕಪ್ಪು. ಅಲ್ಲಿ ಎಚ್ ಇದ್ದರೆ ಬಣ್ಣವಿಲ್ಲದೆ ಬಿಡಿಬಿಡಿಯಾಗಿ ಕಳಿಸಿದ್ದು. ಆಮೇಲಿನ ಮೊದಲ ಅಂಕಿಯನ್ನು ಸರಿಯಾಗಿ ನೋಡು. 1 ಇಂಗ್ಲೆಂಡಿನಲ್ಲೇ ಮಾರಲು, 2 ಬಲಗಡೆ ಸ್ಟಿಯರಿಂಗ್ ಇಟ್ಟು ಹೊರದೇಶಕ್ಕೆ, 5 ಬಲಗಡೆ ಸ್ಟಿಯರಿಂಗ್‌ನ ಜೋಡಣೆಯ ಕಿಟ್.

ಆದರೆ ಪ್ಲೇಟ್ ಒಂದನ್ನೇ ನಂಬಬೇಡ. ಮೈನರ್‌ಗೆ ಲಾರಿಯಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆ ತಗಡಿನ ಪ್ಲೇಟನ್ನು ಬೇರೆ ಕಾರಿನಿಂದ ತಂದು ಹಚ್ಚುವುದು ಅರ್ಧ ಗಂಟೆ ಕೆಲಸವೂ ಅಲ್ಲ. ಪ್ಲೇಟಿನ ಮಾತಿಗೆ ಉಳಿದ ಭಾಗಗಳೂ ಹೌದು ಅನ್ನಬೇಕು. ಡೈನಮೋ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಎಲ್ಲ ಲ್ಯೂಕಾಸ್ ಕಂಪನಿಯವು, ಮೈಮೇಲೆ ತಿಂಗಳು ವರ್ಷ ಒತ್ತಿರುತ್ತಾರೆ. 3 55 ಎಂದಿದ್ದರೆ 1955ರ ಮಾರ್ಚ್. ಮೂರರ ತಾರೀಖೂ ಹತ್ತಿರ ಹತ್ತಿರ ಇದ್ದರೆ ಸಂತೋಷ. ಲ್ಯೂಕಾಸ್ ಟಿವಿಎಸ್ ಎಂದಿದ್ದರೆ 1960ರ ನಂತರ ಮದ್ರಾಸಿನಲ್ಲಿ ತಯಾರಾದದ್ದು. ಅದು ದೋಷವಲ್ಲ, ಓಡಿಸಿದ ಕಾರಿಗೆ ಡೈನಮೋ ಬದಲಾಗಿಯೇ ಆಗುತ್ತದೆ, ಆದರೆ ಎಲ್ಲಾ ಒರಿಜಿನಲ್ ಎಂಬ ಮಾತು ನಿಲ್ಲುವುದಿಲ್ಲ. ಸ್ಪೀಡೋಮೀಟರ್ ಮೈಲಿಯಲ್ಲಿ ಇರಬೇಕು. ಬಾಗಿಲ ನಡುವಿನ ಕಂಬದಲ್ಲಿ ಕೈ ಚಾಚುವ ಹಳೆಯ ಸಿಗ್ನಲ್ ಇರಬೇಕು, 1961ರವರೆಗೂ ಅದೇ ಇತ್ತು. ಆ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರಾ ನೋಡು. ಮಡ್‌ಗಾರ್ಡ್ ಹೊಸದಾದರೆ ತಲೆ ಕೆಡಿಸಿಕೊಳ್ಳಬೇಡ. ಶ್ರೀಲಂಕಾದಲ್ಲಿ ಮೈನರ್‌ಗೆ ಹೊಸ ತಗಡು ಮಾಡಿ ಇಂಗ್ಲೆಂಡಿಗೇ ಕಳಿಸುತ್ತಿದ್ದರು.

ಆರ್‌ಸಿಯಲ್ಲಿ 1949 ಎಂದು ಬರೆದಿದೆ ಅಂತ ಅವನು ವಾದಿಸಬಹುದು. ಎಂವೈ ನಂಬರು ಹಳೆಯ ಮೈಸೂರು ರಾಜ್ಯದ್ದು ಎಂಬುದು ನಿಜ. ಅದರಿಂದ ಗೊತ್ತಾಗುವುದು ಕಾರು ಎಲ್ಲಿ ನೋಂದಣಿ ಆಯಿತು ಎಂಬುದು ಮಾತ್ರ.

ಮತ್ತೊಂದು ವಿಷಯ, ಇದು ಅವನಿಗೂ ಹೊಳೆದಿಲ್ಲ ಅನಿಸುತ್ತದೆ. ಭಾರತ ಸರ್ಕಾರದ ಟ್ಯಾರಿಫ್ ಕಮಿಷನ್ 1953ರಲ್ಲಿ ಕೊಟ್ಟ ವರದಿಯ ನಂತರ ಇಲ್ಲೇ ಭಾಗ ತಯಾರಿಸದೆ ಬರೀ ಜೋಡಿಸುವವರಿಗೆ ಜಾಗ ಉಳಿಯಲಿಲ್ಲ. ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಹಾಕಿತು. ಪೂರ್ತಿ ಕಾರು ತರಿಸುವುದೂ ಬಿಗಿಯಾಯಿತು. ಆದ್ದರಿಂದ 1955ರ ಮೈನರ್ ನಿಜಕ್ಕೂ ಇಡಿಯಾಗಿ ಬಂದಿದ್ದರೆ ಯಾರು ತಂದರು, ಹೇಗೆ ತಂದರು ಎಂಬುದಕ್ಕೆ ಕಾಗದ ಇರಬೇಕು. ಹಡಗಿನ ಕಾಗದ, ಕಸ್ಟಮ್ಸ್ ರಸೀದಿ, ಹಳೆಯ ಲೈಸೆನ್ಸ್ ಪುಸ್ತಕ, ಯಾವುದಾದರೂ ಸರಿ. ಅದು ಸಿಕ್ಕರೆ ಅವನು ಕಟ್ಟಿದ 1949ರ ಕತೆಗಿಂತ ಈ ಕಾರೇ ಹೆಚ್ಚು ಅಪರೂಪ. ನಂಬರ್ ಸರಿಯಾಗಿ ಸಿಕ್ಕರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಬರೆದು ಕೇಳಬಹುದು. ಕಾರ್ಖಾನೆಯ ದಾಖಲೆ ನೋಡಿ, ಯಾವಾಗ ತಯಾರಾಯಿತು, ಯಾವ ಬಣ್ಣ, ಎಲ್ಲಿಗೆ ಹೋಯಿತು ಎಂದು ಹಣ ತೆಗೆದುಕೊಂಡು ಸರ್ಟಿಫಿಕೇಟ್ ಕೊಡುತ್ತಾರೆ. ಎಲ್ಲಾ ಕಾರಿಗೂ ದಾಖಲೆ ಉಳಿದಿಲ್ಲ, ಮೊದಲೇ ವಿಚಾರಿಸು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನೀನು ವಿಂಟೇಜ್ ನೋಂದಣಿ ಮಾಡಿಸಬೇಕು ಅಂದಿದ್ದೆ. 2021ರ ನಿಯಮದಲ್ಲಿ 50 ವರ್ಷ ದಾಟಿದ ಕಾರಿಗೆ ವಿಎ ನಂಬರು ಕೊಡುತ್ತಾರೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಚಾಸಿ, ಬಾಡಿ, ಇಂಜಿನ್ನು ಮೂಲದಿಂದ ಹೆಚ್ಚು ಬದಲಾಗಿರಬಾರದು. ಸೀರೀಸ್ ಟು ಬಾಡಿಗೆ ಬೇರೆ ಇಂಜಿನ್ ಇದ್ದು, ಆರ್‌ಸಿ ಪುಸ್ತಕದಲ್ಲಿ 1949 ಇದ್ದರೆ ಆರ್‌ಟಿಓ ಮುಂದೆ ಉತ್ತರ ಕೊಡಬೇಕಾದವನು ನೀನು, ಅವನಲ್ಲ.

ಶನಿವಾರ ಹೋಗುವುದಾದರೆ ಒಂದು ಟಾರ್ಚು, ಹಳೆಯ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ತೆಗೆದುಕೊಂಡು ಹೋಗು. ಇಂಜಿನ್ ನಂಬರಿನ ಮೇಲೆ ಗ್ರೀಸ್ ಕಟ್ಟಿರುತ್ತದೆ. ಪ್ಲೇಟ್, ಇಂಜಿನ್ ನಂಬರು, ಡೈನಮೋ, ಈ ಮೂರರ ಫೋಟೋ ಅಲ್ಲಿಂದಲೇ ನನಗೆ ಕಳಿಸು. ನಾನು ನೋಡಿ ಹೇಳುವವರೆಗೆ ಅಡ್ವಾನ್ಸ್ ಕೊಡಬೇಡ, ಬೇರೆ ಗಿರಾಕಿ ಬರುತ್ತಿದ್ದಾನೆ ಅಂತ ಅವನು ಎಷ್ಟು ಹೇಳಿದರೂ.