ರಿಸೆಪ್ಟರ್‌ಗೆ ‘ಗ್ರಾಹಕ’ ಸಾಕೇ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವ ರೋಗಿಗಳಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಇನ್‌ಫ್ಲಮೇಶನ್‌ಗೆ ‘ಉರಿಯೂತ’ ಇದೆ. ಉರಿಯೂ ಊತವೂ ಒಂದೇ ಪದದಲ್ಲಿ ಕೂತಿರುವಾಗ ಬೇರೆ ಹುಡುಕುವುದೇಕೆ? ತೊಡಕಿರುವುದು ರಿಸೆಪ್ಟರ್‌ನದು, ಅಂದರೆ ಹಾರ್ಮೋನು, ಔಷಧಗಳು ಬಂದು ಕೂಡಿಕೊಳ್ಳುವ ಜೀವಕೋಶದ ಪ್ರೋಟೀನಿನದು. ಪಠ್ಯಗಳಲ್ಲಿ ‘ಗ್ರಾಹಕ’ ಎಂದಿರುತ್ತದೆ. ಬಹುವಚನದಲ್ಲಿ ಪರವಾಗಿಲ್ಲ, ‘ಗ್ರಾಹಕಗಳು’ ಎಂದರೆ ಬ್ಯಾಂಕಿನ ‘ಗ್ರಾಹಕರು’ ಅಲ್ಲವೆಂದು ತಿಳಿಯುತ್ತದೆ. ಸಮಾಸದಲ್ಲಿ ಆ ಗುರುತೂ ಅಳಿಸಿಹೋಗುತ್ತದೆ. ‘ಗ್ರಾಹಕ ಕೊರತೆಯಿಂದ ಔಷಧ ಫಲಿಸದು’ ಎಂದು ಬರೆದರೆ ಮೆಡಿಕಲ್ ಸ್ಟೋರಿನಲ್ಲಿ ವ್ಯಾಪಾರವಿಲ್ಲ ಎಂದಂತಾಗುತ್ತದೆ!

ನನ್ನ ದೊಡ್ಡ ತಕರಾರು ಮಾತ್ರ ಅರ್ಥದ್ದು. ಅಡ್ರಿನಲಿನ್ನಿನ ರಿಸೆಪ್ಟರ್ ಜೀವಕೋಶದ ಪೊರೆಯಲ್ಲಿದ್ದು, ಹೊರಗಿನ ಸಂದೇಶ ಪಡೆದು ಒಳಕ್ಕೆ ದಾಟಿಸುತ್ತದೆ. ಅದಕ್ಕೆ ‘ಗ್ರಾಹಕ’ ಒಪ್ಪುತ್ತದೆ. ಸ್ಟೀರಾಯ್ಡ್ ಮಾತ್ರೆಗಳು ಅನುಕರಿಸುವ, ದೇಹದ್ದೇ ಹಾರ್ಮೋನಾದ ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುವಂಥದ್ದು, ತಾನೇ ಪೊರೆ ದಾಟಿ ಬರುತ್ತದೆ. ಅದರ ರಿಸೆಪ್ಟರ್ ಕೋಶದ್ರವ್ಯದಲ್ಲಿ ಎಚ್‌ಎಸ್‌ಪಿ90 ಮುಂತಾದ ಪ್ರೋಟೀನುಗಳ ಹಿಡಿತದಲ್ಲಿ ಕಾಯುತ್ತಿರುತ್ತದೆ. ಕಾರ್ಟಿಸಾಲ್ ಬಂದು ಕೂಡಿದ ಮೇಲೆ ಅದು ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಉರಿಯೂತ ತಣಿಸುವ ಅನೆಕ್ಸಿನ್-1ರಂಥ ಪ್ರೋಟೀನುಗಳ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಉರಿಯೂತದ ವಂಶವಾಹಿಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನಿಗೆ ಅಡ್ಡಗಾಲು ಹಾಕುತ್ತದೆ. ಹೀಗೆ ವಂಶವಾಹಿಯ ಮಟ್ಟದಲ್ಲಿ ಕೆಲಸ ನಡೆಯಬೇಕಾದ್ದರಿಂದಲೇ, ಆಸ್ತಮಾ ಕೆರಳಿದಾಗ ಪೊರೆಯ ಅಡ್ರಿನಲಿನ್ ರಿಸೆಪ್ಟರ್ ಮೂಲಕ ಕೆಲಸ ಮಾಡುವ ಸಾಲ್ಬುಟಮಾಲ್ ನಿಮಿಷಗಳಲ್ಲಿ ಉಸಿರಾಟ ಸಲೀಸು ಮಾಡಿದರೂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ಗೆ ಗಂಟೆಗಳೇ ಬೇಕು. ಇಷ್ಟೆಲ್ಲ ಮಾಡುವುದನ್ನು ಬರೀ ‘ತೆಗೆದುಕೊಳ್ಳುವುದು’ ಎನ್ನುವುದು ಹೇಗೆ?

ಇದೇ ರಿಸೆಪ್ಟರ್ ಬಿಳಿ ರಕ್ತಕಣಗಳಲ್ಲೂ ಇರುವುದರಿಂದ ಉರಿಯೂತದ ಜೊತೆಗೆ ಸೋಂಕನ್ನು ಎದುರಿಸುವ ಕಸುವೂ ತಗ್ಗುತ್ತದೆ. 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗದಲ್ಲಿ ದಿನಕ್ಕೆ 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ವೆಂಟಿಲೇಟರ್‌ನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ಇಳಿಸಿತು. ಆಮ್ಲಜನಕದ ನೆರವು ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ‘ಸ್ಟೀರಾಯ್ಡ್ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವ ರೋಗಿಗೆ ಇದನ್ನು ಬಿಡಿಸಿ ಹೇಳಬೇಕಾದರೆ ರಿಸೆಪ್ಟರ್ ಬಗ್ಗೆ ಮಾತಾಡದೆ ಆಗುವುದಿಲ್ಲ.

‘ಗ್ರಾಹಿ’ ಹೇಗೆ? ‘ಸಾರಗ್ರಾಹಿ’ಯ ಹಾಗೆ ಸಮಾಸಕ್ಕೆ ಒಗ್ಗುತ್ತದೆ, ಗಿರಾಕಿಯ ನೆನಪೂ ಬರುವುದಿಲ್ಲ. ಅರ್ಥದ ಕೊರತೆ ಇದ್ದೇ ಇದೆ. ‘ಪಡೆಕ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಅಚ್ಚಗನ್ನಡವೇನೋ ಹೌದು, ಆದರೆ ರೋಗನಿರೋಧಕ ಶಕ್ತಿಯ ಬರಹದಲ್ಲಿ ‘ಪಡೆ’ ಕಂಡರೆ ಯಾರಿಗಾದರೂ ಸೈನ್ಯವೇ ಹೊಳೆಯುತ್ತದೆ. ಸದ್ಯಕ್ಕೆ ‘ಸ್ಟೀರಾಯ್ಡ್‌ಗ್ರಾಹಿ’ ಎಂದಿಟ್ಟುಕೊಂಡು, ಅದು ಮಾಡುವ ಕೆಲಸವನ್ನು ಕ್ರಿಯಾಪದಗಳಲ್ಲಿ ಹೇಳುತ್ತಿದ್ದೇನೆ.

ಇಲ್ಲಿರುವ ವೈದ್ಯರು, ಜೀವಶಾಸ್ತ್ರದ ಮೇಷ್ಟ್ರುಗಳು ರೋಗಿಗಳೊಡನೆ, ತರಗತಿಯಲ್ಲಿ ಏನೆನ್ನುತ್ತೀರಿ? ‘ರಿಸೆಪ್ಟರ್’ ಎಂದೇ ಉಳಿಸಿಕೊಂಡವರಿದ್ದರೆ ಅದನ್ನೂ ತಿಳಿಸಿ.