ಸಹಾಯ ಬೇಕು: ಹ್ಯಾಲೋವೀನ್ ಹೊತ್ತಿಗೆ ಪುಟ್ಟ ಮಕ್ಕಳ ಜೊತೆ ವಂಡರ್‌ಲಾ

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು. ಅಕ್ಟೋಬರ್ ಕೊನೆಯ ವಾರ ಪಂಚಗಂಗಾ ರೈಲಿಗೆ ಬೆಂಗಳೂರಿಗೆ ಹೊರಟಿದ್ದೇವೆ, ತಂಗಿ ಮನೆಗೆ. ಒಂದು ದಿನ ಬಿಡದಿ ಹತ್ತಿರದ ವಂಡರ್‌ಲಾಕ್ಕೆ ಹೋಗುವ ಆಸೆ. ಮಗನಿಗೆ 7 ವರ್ಷ, ಮಗಳಿಗೆ ಮೂರೂವರೆ.

31ಕ್ಕೆ ಹ್ಯಾಲೋವೀನ್ ಅಲ್ವಾ? ಆ ಸಮಯದಲ್ಲಿ ಇಂಥ ಪಾರ್ಕ್‌ಗಳಲ್ಲಿ ಭೂತದ ವೇಷದವರು ಓಡಾಡುತ್ತಾರಂತೆ. ಮಗನಿಗೆ ಅದೇ ಬೇಕು. ನನ್ನ ಚಿಂತೆ ಮಗಳದ್ದು. ಹೋದ ವರ್ಷ ಅಂಕೋಲಾ ಕಡೆ ಯಕ್ಷಗಾನಕ್ಕೆ ಹೋಗಿದ್ದೆವು. ಬಣ್ಣದ ವೇಷ ಅಬ್ಬರಿಸುತ್ತಾ ರಂಗಕ್ಕೆ ಬಂದದ್ದೇ ತಡ, ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡವಳು ಮನೆ ಮುಟ್ಟುವವರೆಗೂ ತೆಗೆಯಲಿಲ್ಲ. ಆಮೇಲೆ ಎಷ್ಟೋ ದಿನ ರಾತ್ರಿ ಲೈಟ್ ಆರಿಸಲು ಬಿಡುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ. ವೇಷದವರು ಹಗಲಲ್ಲೇ ಇರುತ್ತಾರಾ, ಸಂಜೆ ಮೇಲೆಯಾ? ಬೆಳಿಗ್ಗೆ ಬೇಗ ಹೋಗಿ 4 ಗಂಟೆಗೆ ಹೊರಬಿದ್ದರೆ ಆಗುತ್ತದಾ? ಬೇಡ ಅಂದರೆ ಮಕ್ಕಳ ಹತ್ತಿರ ಬರುವುದಿಲ್ಲವಾ?

ರೈಡ್‌ಗಳಿಗೆ ಎತ್ತರ ನೋಡುತ್ತಾರೆ, ಅದು ಗೊತ್ತು. ಮಗಳು 94 ಸೆಂಟಿಮೀಟರ್ ಇದ್ದಾಳೆ. ಅಷ್ಟು ಎತ್ತರಕ್ಕೆ ಆಡಲು ಏನೇನಿದೆ? ಅಣ್ಣ ರೈಡ್ ಹತ್ತಿದಾಗ ಅವಳು ಸುಮ್ನೆ ನೋಡುತ್ತಾ ನಿಲ್ಲುವುದು ನನಗೆ ಬೇಡ.

ಅಕ್ಟೋಬರ್ ಬಿಟ್ಟು ನವೆಂಬರ್‌ನಲ್ಲಿ ಹೋಗುವುದೇ ಒಳ್ಳೆಯದು ಅನ್ನಿಸಿದರೆ ಅದನ್ನೂ ಹೇಳಿ. ರೈಲಿನ ಟಿಕೆಟ್ ಇನ್ನೂ ಮಾಡಿಸಿಲ್ಲ.