ಅಪ್‌ಡೇಟ್: ನುಡಿಯಲ್ಲಿದ್ದ ಕಾದಂಬರಿ ಕೊನೆಗೂ ಯೂನಿಕೋಡ್‌ಗೆ ಬಂತು

ನನ್ನ ಹಳೇ ಪ್ರೇಮ ಕಾದಂಬರಿ 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಲ್ಲಿದೆ, ಇಬುಕ್ ಮಾಡೋಕೆ ಹೋದ್ರೆ ಬರೀ ಗೀಚಿದ ಹಾಗೆ ಕಾಣುತ್ತೆ ಏನ್ ಮಾಡ್ಲಿ ಅಂತ ಕೇಳಿದ್ನಲ್ಲ, ಅದರ ಕಥೆ ಮುಗೀತು.

ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಓದೋ ಸಾಫ್ಟ್‌ವೇರ್) ಹಾಕಿ ಅಂತ ಕೆಲವರು ಅಂದ್ರಲ್ಲ, ನಂಗೆ ಆಗ್ಲಿಲ್ಲ, ಒತ್ತಕ್ಷರ ಎಲ್ಲಾ ಕಲಸುಮೇಲೋಗರ. ಕೆಲಸ ಮಾಡಿದ್ದು ಕನ್ವರ್ಟರ್ (ಆಸ್ಕಿ ಬರಹನ ಯೂನಿಕೋಡ್‌ಗೆ, ಅಂದ್ರೆ ಎಲ್ಲಾ ಕಡೆ ಕನ್ನಡವಾಗೇ ಕಾಣೋ ಕೋಡಿಗೆ, ಬದಲಾಯಿಸೋ ಸಾಫ್ಟ್‌ವೇರ್) ಐಡಿಯಾನೇ, ಅದರಲ್ಲೂ "ಮೊದಲು ಇಂಗ್ಲಿಷ್ ಪದ ಎಲ್ಲಾ ಕನ್ನಡದಲ್ಲಿ ಬರ್ಕೊಳ್ಳಿ" ಅಂದೋರಿಗೆ ಕೈ ಮುಗಿದೆ. ಆಸ್ಕಿ ಫಾಂಟಲ್ಲಿ ಒಳಗಡೆ ಇರೋದು ಇಂಗ್ಲಿಷ್ ಅಕ್ಷರಗಳ ಕೋಡೇ ಅಂತೆ, ಮೇಲೆ ಕನ್ನಡದ ವೇಷ ಅಷ್ಟೇ! ಕನ್ವರ್ಟರ್ ನಿಜವಾದ ಇಂಗ್ಲಿಷ್ ಪದನೂ ಕನ್ನಡ ಅಂದ್ಕೊಂಡು ಬದಲಾಯಿಸುತ್ತೆ, ಹಾಗಾಗಿ ಮೊದಲ ಸಲ ನನ್ನ ಹೀರೋ ಹನ್ನೆರಡನೇ ಅಧ್ಯಾಯದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಳಿಸೋ 'ಸಾರಿ' ಮೆಸೇಜು ಕನ್ವರ್ಟ್ ಆದ್ಮೇಲೆ ಯಾವ್ದೋ ಮಂತ್ರ ಆಗಿತ್ತು, ಪಾಪ, ಅವಳು ಹೆಂಗ್ ಕ್ಷಮಿಸ್ತಾಳೆ.

ಅರ್ಕಾವೊತ್ತು ಮಾತ್ರ ಕೆಲವು ಕಡೆ ಕೈಕೊಡ್ತು. ನುಡಿಯಲ್ಲಿ ಅದು ಅಕ್ಷರದ ನಂತರ ಕೂತಿರುತ್ತೆ, ಯೂನಿಕೋಡಲ್ಲಿ ರ್ ಮುಂಚೆ ಬರ್ಬೇಕು, ಸೂರ್ಯ, ವರ್ಷ ಎಲ್ಲಾ ಒಂದೊಂದಾಗಿ ಹುಡುಕಿ ಸರಿ ಮಾಡ್ದೆ, ಮಳೆಗಾಲದಲ್ಲಿ ಕರೆಂಟ್ ಇದ್ದಾಗ ಇದೇ ಕೆಲಸ.

ಇನ್ನೊಂದು, ಪುಸ್ತಕಕ್ಕೆ ಕೊಡೋ ಗುರುತಿನ ನಂಬರು ಐಎಸ್‌ಬಿಎನ್‌ಗೆ ದುಡ್ಡು ಎತ್ತಿಟ್ಟಿದ್ದೆ, ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಅದು ಫ್ರೀ ಅಂತೆ!

ಇಬುಕ್ ರಾಜ್ಯೋತ್ಸವದ ಹೊತ್ತಿಗೆ ಬರುತ್ತೆ. ಹೊಸ ಕಾದಂಬರಿ ಅರ್ಧಕ್ಕೆ ನಿಂತಿದೆ, ಅದನ್ನ ಮೊದಲಿಂದಲೇ ಯೂನಿಕೋಡಲ್ಲೇ ಬರೀತಿದೀನಿ ಮಾರಾಯ್ರೆ.